ಗಾಯಕಿಯ ಕೈ ಎಷ್ಟೆತ್ತರ ಏಳಬೇಕು?

ಹಿಂದೂಸ್ತಾನಿ ಸಂಗೀತದ ಖಯಾಲ್ ಹಾಡುವಾಗ ಗಾಯಕಿ ಮೈ-ಕೈ ಬಿಚ್ಚಿ ಹಾಡುವುದು ಸರಿಯೇ? ಹುಬ್ಬಳ್ಳಿ-ಧಾರವಾಡದಲ್ಲಿ ಬೈಠಕ್ (ಸಂಗೀತ ಕೂಟ) ಮುಗಿದು ಜನ ಚಪ್ಪಲಿ ಹುಡುಕುವಾಗ ಏಳುವ ತಕರಾರು ಇದು.

ಪರ

ಗದಗ ನೆಲದ ಗಾಯಕ ಭೀಮಸೇನ ಜೋಶಿ ತಾನ್ (ವೇಗದ ಸ್ವರಸರಣಿ) ತೆಗೆದರೆ ಭುಜ, ಕತ್ತು, ಕೈ ಎಲ್ಲವೂ ಜೊತೆಗೆ ಹಾಡುತ್ತಿದ್ದವು. ಅದನ್ನು ತನ್ಮಯತೆ ಎಂದೆವು. ಹೆಣ್ಣುಮಗಳೊಬ್ಬಳು ಅದರ ಕಾಲುಭಾಗ ಮಾಡಿದರೂ ‘ಆಟ ಭಾಳ ಆತು’ ಅನ್ನುತ್ತೇವೆ.

ಕೈಗೆ ಕೆಲಸವಿದೆ. ಅತಿವಿಲಂಬಿತ, ಅಂದರೆ ತೀರ ನಿಧಾನದ, ಏಕತಾಲದ 12 ಮಾತ್ರೆ (ತಾಳದ ಎಣಿಕೆ) ಸುತ್ತಿ ಬರಲು ಹೆಚ್ಚುಕಡಿಮೆ ಒಂದು ನಿಮಿಷ ಬೇಕು. ಆ ಉದ್ದದ ದಾರಿಯ ಕೊನೆಗೆ ಮುಖಡಾ (ಹಾಡಿನ ಮೊದಲ ತುಣುಕು) ಹಿಡಿಯುವಾಗ ಏಳುವ ಎಡಗೈ ನೋಡಿ ತಬಲಾದವರು ಸಮ್‌ಗೆ, ಅಂದರೆ ತಾಳದ ಮೊದಲ ಮಾತ್ರೆಗೆ, ಸಜ್ಜಾಗುತ್ತಾರೆ. ಪೇಟಿ (ಹಾರ್ಮೋನಿಯಂ) ನುಡಿಸುವವರು ಗಾಯಕಿಯ ಸ್ವರವನ್ನು ಬೆನ್ನುಹತ್ತಿ ಹಿಡಿಯಬೇಕು. ಪೇಟಿಯಲ್ಲಿ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬಾರದು. ಆದ್ದರಿಂದ ಗಾಯಕಿ ಗಾಂಧಾರದಿಂದ ಷಡ್ಜಕ್ಕೆ ಜಾರುವಾಗ ಕೈ ಇಳಿಯುವುದು ಕಂಡರೆ ನಡುವಿನ ಮನೆ ಒತ್ತದೆ ಬಿಡುತ್ತಾರೆ. ಕೈ ಕಟ್ಟಿಹಾಕಿದರೆ ಭುಜ ಬಿಗಿಯುತ್ತದೆ, ಬಿಗಿ ಕತ್ತಿಗೇರುತ್ತದೆ, ತಾರ ಷಡ್ಜ (ಮೇಲಿನ ‘ಸಾ’) ಹಿಂಡಿದಂತೆ ಬರುತ್ತದೆ.

ಇನ್ನೊಂದು ಮಾತು. ಕುಂದಗೋಳದ ಗಾಯಕ ಸವಾಯಿ ಗಂಧರ್ವರು ಮರಾಠಿ ಸಂಗೀತ ನಾಟಕಗಳಲ್ಲಿ ಸ್ತ್ರೀ ಪಾತ್ರಗಳಿಂದಲೂ ಹೆಸರಾದವರು. ಗಂಡಸು ಹೆಣ್ಣಾಗಿ ಕೈ ತಿರುವಿದರೆ ಕಲೆ. ಹೆಣ್ಣೇ ತಿರುವಿದರೆ ಲಜ್ಜೆಗೇಡಿತನವೇ? ಹಾಡು-ಕುಣಿತವೇ ವೃತ್ತಿಯಾಗಿದ್ದ ಕಲಾವಂತ ಮನೆತನಗಳಿಂದ ಬಂದ ಗಾಯಕಿಯರು ‘ಮರ್ಯಾದಸ್ಥರು’ ಎನ್ನಿಸಿಕೊಳ್ಳಲು ಸೆರಗು ಹೊದ್ದು ಅಲುಗಾಡದೆ ಕುಳಿತರು. ಅದು ಸಭೆಗೆ ತೆತ್ತ ಸುಂಕ. ಅದನ್ನೇ ಶಾಸ್ತ್ರವೆಂದು ಇಂದಿನ ಹುಡುಗಿಯರಿಗೆ ಕಲಿಸುವುದು ಅನ್ಯಾಯ. ತಂಬೂರಿಗಳನ್ನು ಹಿಂದೆ ಕೂತ ಶಿಷ್ಯೆಯರಿಗೆ ಕೊಟ್ಟು, ಎರಡೂ ಕೈ ಖಾಲಿ ಮಾಡಿಕೊಂಡು ಹಾಡಲಿ.

ವಿರೋಧ

ಗಂಡಿಗೊಂದು ಹೆಣ್ಣಿಗೊಂದು ಅಳತೆ ಇದೆ ಎಂಬುದು ಒಪ್ಪತಕ್ಕ ಮಾತು. ಆದರೆ ಗಂಡಿನ ಮುದ್ರಾದೋಷವನ್ನು (ಹಾಡುವಾಗಿನ ಕೆಟ್ಟ ಹಾವಭಾವ) ಹೆಣ್ಣಿಗೂ ಹಂಚಿದರೆ ಸಮಾನತೆ ಬಂತೇ? ಶಾರ್ಙ್ಗದೇವನ ಹಳೆಯ ಸಂಗೀತಶಾಸ್ತ್ರ ಗ್ರಂಥ ‘ಸಂಗೀತ ರತ್ನಾಕರ’ 25 ಗಾಯಕದೋಷ ಎಣಿಸುತ್ತದೆ: ಬಾಯಿ ವಿಕಾರವಾಗಿ ತೆರೆಯುವವನು ಕರಾಲಿ, ಕತ್ತು ಸೊಟ್ಟ ಮಾಡುವವನು ವಕ್ರಿ, ಅಂಗಾಂಗ ಚಾಚುವವನು ಪ್ರಸಾರಿ. ಅಲ್ಲಿ ಬೈಸಿಕೊಂಡವರು ಗಂಡಸರೇ.

ದಿಟ್ಟತನಕ್ಕೆ ನಮ್ಮ ಊರಿನಲ್ಲೇ ಉದಾಹರಣೆ ಇದೆ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಂಗೂಬಾಯಿ ಹಾನಗಲ್ (1913–2009) ಅವರ ದನಿ ಗಡುಸಾಯಿತು. ಅದನ್ನು ಮರೆಮಾಚಿ ತೆಳ್ಳಗೆ ಹಾಡಲು ಹೋಗಲಿಲ್ಲ. ಆ ಗಂಡುದನಿಯಂಥ ದನಿಯನ್ನೇ ಸಭೆಯ ಮುಂದಿಟ್ಟರು. ಹೆಣ್ಣಿನ ಕಂಠ ಹೀಗೇ ಇರಬೇಕೆಂಬ ನಿರೀಕ್ಷೆ ಮುರಿಯಲು ಇದಕ್ಕಿಂತ ದೊಡ್ಡ ದೇಹಭಾಷೆ ಯಾವುದು?

ಇನ್ನು ಮೈಕ್. ಗಾಯಕಿ ಮೈ ತೂಗಿದಾಗ ಬಾಯಿಂದ 15 ಸೆಂಟಿಮೀಟರ್ ಇದ್ದದ್ದು 30 ಆದರೆ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಮೈಕ್‌ನವರು ಗಾಬರಿಯಾಗಿ ಏರಿಸುತ್ತಾರೆ, ಆ ಮೈಕ್‌ಗೇ ತಬಲಾ ನುಗ್ಗುತ್ತದೆ, ಗಾಯಕಿ ಮತ್ತೆ ಮುಂದೆ ಬಾಗಿದಾಗ ಕಿವಿ ಗಡಚಿಕ್ಕುತ್ತದೆ, ಕೆಲವೊಮ್ಮೆ ಸ್ಪೀಕರ್ ಕುಂಯ್‌ಗುಡುತ್ತದೆ. ಗಾಜಿನ ಬಳೆ, ಜರಿ ಸೆರಗಿನ ಸರಬರವೂ ಮೈಕ್‌ಗೆ ಬೀಳುತ್ತದೆ. ತಾರಕ್ಕೆ ಗದ್ದ ಎತ್ತುವ ಚಾಳಿ ಇನ್ನೂ ಕೆಟ್ಟದ್ದು: ಧ್ವನಿಪೆಟ್ಟಿಗೆ ಮೇಲೆಳೆದು ಕತ್ತಿನ ಸ್ನಾಯು ಬಿಗಿಯುತ್ತದೆ. ಭುಜ ಎತ್ತಿ ಎಳೆದ ಉಸಿರು ಎದೆಯ ಮೇಲ್ಭಾಗದಲ್ಲೇ ನಿಲ್ಲುತ್ತದೆ, ಉದ್ದದ ತಾನ್‌ಗೆ ಸಾಲುವುದಿಲ್ಲ.

ಪರವಾದಿಗಳು ಹೇಳುವ ಸನ್ನೆಗೆ ಅಂಗೈ ತೊಡೆಯಿಂದ ಒಂದು ಗೇಣು ಎದ್ದರೆ ಸಾಕು. ಅದಕ್ಕೆ ಮೇಲಿನದ್ದು ಬಹುಪಾಲು ಗುರುವಿನ ಅನುಕರಣೆ; ಗುರುವಿನ ಗಾಯನಶೈಲಿ ಬರುವ ಮೊದಲೇ ಅವರ ಕೈ ಬಂದಿರುತ್ತದೆ. ಪರೀಕ್ಷೆ ಸುಲಭ. ರಿಯಾಜ್‌ನಲ್ಲಿ (ಅಭ್ಯಾಸದಲ್ಲಿ) ಹತ್ತು ನಿಮಿಷ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಅದೇ ಪಲ್ಟಾ (ಸ್ವರಾಭ್ಯಾಸದ ಪಾಠ), ಅದೇ ತಾನ್ ಹಾಡಿ, ಮೊಬೈಲಿನಲ್ಲಿ ದನಿ ಮಾತ್ರ ಹಿಡಿದು ಕೇಳಲಿ. ಸ್ವರ ಇಳಿದಿದ್ದರೆ ಹಾಡುತ್ತಿದ್ದದ್ದು ಕೈ. ಇಳಿಯದಿದ್ದರೆ ಆಕೆ ಬೇಕಾದಷ್ಟು ಎತ್ತಲಿ, ತಕರಾರಿಲ್ಲ.