ಕಡಲ ತಳಕ್ಕೆ ಕಲಬುರಗಿ ಜೋಡಿ

ಕಲಬುರಗಿಯಿಂದ ಯಾವ ದಿಕ್ಕಿಗೆ ಹೊರಟರೂ 350 ಕಿಲೋಮೀಟರ್ ದಾಟುವ ತನಕ ಸಮುದ್ರ ಸಿಗೋದಿಲ್ಲ. ಆದರೂ ಈಗ ಇಲ್ಲಿ ಮದುವೆ ಗೊತ್ತಾದರೆ ಸಾಕು, ಬೀಗರ ಮೊದಲ ಪ್ರಶ್ನೆ, ‘ಸ್ಕೂಬಾಕ್ಕ ಎಲ್ಲಿಗಿ ಹೊಂಟಾರ?’ ಎಷ್ಟು ತೊಲ ಅನ್ನೋದು ಎರಡನೇ ಸ್ಥಾನಕ್ಕೆ ಇಳಿದಿದೆ. ಹನಿಮೂನಿಗೆ ಮೊದಲು ಊಟಿ ಇತ್ತು. ಆಮೇಲೆ ಗೋವಾ ಬಂತು. ಗೋವಾಕ್ಕೆ ಈಗ ಡಿಪ್ಲೊಮಾ ಓದುವ ಹುಡುಗರೂ ಬೈಕ್ ಮೇಲೆ ಹೋಗಿ ಬರ್ತಾರೆ, ಹಾಗಾಗಿ ಅದರ ಮರ್ಯಾದೆ ಹೋಯಿತು. ನೆಲದ ಮೇಲೆ ತೋರಿಸಿಕೊಳ್ಳುವಂಥ ಜಾಗವೆಲ್ಲ ಮುಗಿದ ಮೇಲೆ ಜನ ಬೆನ್ನಿಗೆ ಟ್ಯಾಂಕ್ ಕಟ್ಟಿಕೊಂಡು ನೀರಿನ ತಳಕ್ಕೆ ಇಳಿದಿದ್ದಾರೆ.

ಮೇ ತಿಂಗಳಲ್ಲಿ 43, 44 ಡಿಗ್ರಿ ಕುದಿಯುವ ಊರಿನವರಿಗೆ ನೀರಲ್ಲಿ ಮುಳುಗಿ ಕೂರುವ ಆಸೆ ಹುಟ್ಟಿದರೆ ತಪ್ಪೇನಿಲ್ಲ. ತಮಾಷೆ ಇರೋದು ಜಾಗ ಆರಿಸುವ ರೀತಿಯಲ್ಲಿ. ಸಮುದ್ರ ಒಂದನ್ನು ಬಿಟ್ಟು ಉಳಿದ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.

ಯೋಗ್ಯತೆಯ ಮಾತಿಗೆ ಬಂದರೆ ನಮ್ಮವರು ಯಾರಿಗೂ ಕಡಿಮೆ ಇಲ್ಲ. ಡೈವಿಂಗ್ ಶಾಲೆಯವರು ಮೊದಲ ಹಂತದ ಕೋರ್ಸಿಗೆ ಮೂರು ನಾಲ್ಕು ದಿನ ತಗೊಂಡು, 18 ಮೀಟರ್ ಆಳದ ತನಕ ಇಳಿಯಬಹುದು ಅಂತ ಸರ್ಟಿಫಿಕೇಟ್ ಕೊಡ್ತಾರೆ. ಕಲಬುರಗಿಯಲ್ಲಿ ಅರ್ಧ ಪಾಠ ಮನೆಯಲ್ಲೇ ಆಗಿರುತ್ತೆ. ಒಬ್ಬರೇ ಇಳಿಯಬಾರದು, ಒಬ್ಬರ ಟ್ಯಾಂಕ್ ಇನ್ನೊಬ್ಬರು ನೋಡಿಕೊಳ್ಳಬೇಕು ಅನ್ನೋದು ಡೈವಿಂಗಿನ ಮುಖ್ಯ ನಿಯಮ. ನಲ್ಲಿ ನೀರು ಬರುವ ರಾತ್ರಿ ಇಲ್ಲಿನ ಗಂಡ ಹೆಂಡತಿ ಮಾಡೋದು ಅದನ್ನೇ. ಒಬ್ಬರು ಕೆಳಗೆ ಮೋಟರ್ ಹತ್ತಿರ, ಇನ್ನೊಬ್ಬರು ಮಾಳಿಗೆ ಮೇಲೆ ಸಿಂಟೆಕ್ಸ್ ಹತ್ತಿರ. ಮೇಲಿಂದ ಬ್ಯಾಟರಿ ಬೆಳಕು ಎರಡು ಸಲ ಅಲ್ಲಾಡಿದರೆ ತುಂಬಿತು, ಬಂದ್ ಮಾಡು ಅಂತ ಅರ್ಥ. ನಡುರಾತ್ರಿ ಎರಡು ಗಂಟೆಗೆ ಕೂಗುವ ಹಾಗಿಲ್ಲ. ಪಕ್ಕದ ಮನೆಯವರು ಎದ್ದು ಅವರೂ ಮೋಟರ್ ಹಾಕಿದರೆ ನಮ್ಮ ಪೈಪಿಗೆ ಗಾಳಿ ಮಾತ್ರ ಬರುತ್ತೆ. ನೈಟ್ ಡೈವಿಗೆ ಇದಕ್ಕಿಂತ ಒಳ್ಳೆ ತಯಾರಿ ಎಲ್ಲಿ ಸಿಗುತ್ತೆ ಹೇಳಿ?

2004ರಲ್ಲಿ ವಿಶ್ವಬ್ಯಾಂಕಿನ ಸಾಲದಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗೆ ದಿನದ 24 ಗಂಟೆ ನೀರು ಕೊಡುವ ಯೋಜನೆ ಮಂಜೂರಾಯಿತು. ಮೊದಲು ಕೆಲವೇ ಬಡಾವಣೆಗಳಲ್ಲಿ ಮಾಡಿ ತೋರಿಸಿದರು. ಅಲ್ಲಿ ನೀರು ಬಂತು ಕೂಡ. ಉಳಿದ ಓಣಿಗಳಿಗೆ ಆಮೇಲೆ ಅಂದರು. ಆ ಆಮೇಲೆ ನಡೀತಾನೇ ಇದೆ. ಅದು ಮುಗಿಯುವುದರೊಳಗೆ ಒಂದು ಪೀಳಿಗೆ ಬೆಳೆದು, ಮದುವೆಯಾಗಿ, ನೀರು ಇದ್ದಲ್ಲಿಗೆ ತಾನೇ ಹೋಗ್ತೀನಿ ಅಂತ ಪಾಸ್‌ಪೋರ್ಟ್ ಮಾಡಿಸಿದೆ.

ಜಾಗ ಆರಿಸುವ ಸಭೆ ಹುಡುಗನ ಮನೆಯ ಪಡಸಾಲೆಯಲ್ಲಿ ನಡೆಯುತ್ತೆ. ಅಪ್ಪ, ಕಾಕಾ, ಹುಡುಗಿಯ ಸೋದರಮಾವ, ಮೂಲೆಯಲ್ಲಿ ಮುತ್ಯಾ, ನಡುವೆ ಲ್ಯಾಪ್‌ಟಾಪ್ ಹಿಡಿದ ಟ್ರಾವೆಲ್ಸ್‌ನವ. ತಟ್ಟೆಯಲ್ಲಿ ಸುಸಲಾ ಮಿರ್ಚಿ. ನೀರಿಗೆ ಇಳಿಯಬೇಕಾದ ಹುಡುಗ ಹುಡುಗಿಗೂ ಕೂರಲು ಜಾಗ ಕೊಟ್ಟಿರುತ್ತಾರೆ.

ಮೊದಲು ಬರೋದು ನೇತ್ರಾಣಿ. ನಮ್ಮದೇ ರಾಜ್ಯ. ಮುರ್ಡೇಶ್ವರದಿಂದ ದೋಣಿಯಲ್ಲಿ ಸುಮಾರು ಒಂದೂವರೆ ಗಂಟೆ. ಹವಳ ಇದೆ, ಬಣ್ಣ ಬಣ್ಣದ ಮೀನಿನ ಹಿಂಡಿದೆ, ನಸೀಬು ಇದ್ದರೆ ಆಮೆಯೂ ಕಾಣುತ್ತೆ. ಮಳೆಗಾಲ ಬಿಟ್ಟರೆ ಉಳಿದ ತಿಂಗಳು ಇಳಿಸ್ತಾರೆ. ಇಷ್ಟು ಹೇಳಿದ್ದೇ ತಡ, ಅಡುಗೆ ಮನೆಯಿಂದ ಅತ್ತೆಯ ದನಿ: ‘ಮುರ್ಡೇಶ್ವರಕ್ಕಾದ್ರ ನಾನೂ ಬರ್ತೀನವ್ವಾ, ಶಿವನ ದರ್ಶನ ಆಗ್ತದ.’ ಅವರ ಹಿಂದೆ ಚಿಕ್ಕಮ್ಮ, ಚಿಕ್ಕಮ್ಮನ ಹಿಂದೆ ಅವರ ಮಕ್ಕಳು. ಎರಡು ನಿಮಿಷದಲ್ಲಿ ಒಂದು ಕ್ರೂಸರ್ ತುಂಬಿತು. ಹುಡುಗ ಬೆವರು ಒರೆಸಿಕೊಂಡು, ಅಲ್ಲಿ ಅಲೆ ಜಾಸ್ತಿ ಅಂತ ಸುಳ್ಳು ಹೇಳಿ ನೇತ್ರಾಣಿಯನ್ನು ಮುಳುಗಿಸಿದ. ಕಾಕಾ ಕೂಡ ಸೇರಿಸಿದರು, ‘ಪಾಸ್‌ಪೋರ್ಟೇ ಬ್ಯಾಡ ಅಂದ್ರ ಅದೆಂಥ ಹನಿಮೂನೋ?’

ಮುಂದೆ ಅಂಡಮಾನ್. ಹವಳ ನೋಡುವವರಿಗೆ ನಮ್ಮ ದೇಶದಲ್ಲಿ ಇದಕ್ಕಿಂತ ಹೆಸರಾದ ಜಾಗ ಇಲ್ಲ. ಹ್ಯಾವ್‌ಲಾಕ್ ದ್ವೀಪಕ್ಕೆ 2018ರಲ್ಲಿ ಸ್ವರಾಜ್ ದ್ವೀಪ ಅಂತ ಹೆಸರಿಟ್ಟರು. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆಯಿತು. ಟ್ರಾವೆಲ್ಸ್‌ನವ ಹೊಸ ಹೆಸರಲ್ಲೇ ವಿವರಿಸಿದ. ಕಾಕಾ ಕೈ ಎತ್ತಿ ತಡೆದರು. ‘ವಿಜಯಪುರಕ್ಕ ಇವನ್ಯಾಕ ರೊಕ್ಕ ಕೊಡಬೇಕು? ಸ್ಟ್ಯಾಂಡಿನಾಗ ಬಸ್ ನಿಂತಿರ್ತಾವ.’ ಮುತ್ಯಾನಿಗೆ ಮಾತ್ರ ಅದು ಯಾವ ಊರು ಅಂತ ಸರಿಯಾಗಿ ಗೊತ್ತಾಯಿತು. ‘ಕಾಲಾಪಾನಿ ಅಲ್ಲೇನೋ ಅದು? ಬ್ರಿಟಿಷರು ಬೇಡಿ ಹಾಕಿ ಕಳಿಸ್ತಿದ್ರು. ಈಗಿನವು ಕಂತಿನ ಮ್ಯಾಲೆ ಹೊಂಟಾವ.’

ಲಕ್ಷದ್ವೀಪದ ಸರದಿ ಬಂದಾಗ ಪಡಸಾಲೆಯಲ್ಲಿ ದೇಶಭಕ್ತಿ ಉಕ್ಕಿತು. 2024ರ ಜನವರಿಯಲ್ಲಿ ಪ್ರಧಾನಿ ಅಲ್ಲಿ ಸ್ನಾರ್ಕ್ಲಿಂಗ್, ಅಂದರೆ ಕೊಳವೆಯಲ್ಲಿ ಉಸಿರಾಡುತ್ತಾ ನೀರಿನ ಮೇಲೆ ತೇಲಿ ಒಳಗೆ ನೋಡೋದು, ಮಾಡಿದ ಫೋಟೊ ಬಂದವು. ಮಾಲ್ಡೀವ್ಸಿನ ಕೆಲವು ಉಪಮಂತ್ರಿಗಳು ಅದರ ಬಗ್ಗೆ ಹಗುರವಾಗಿ ಮಾತಾಡಿ ಅಮಾನತಾದರು. ಆ ವಾರ ನಮ್ಮ ಚಹಾದಂಗಡಿಗಳಲ್ಲಿ ಮಾಲ್ಡೀವ್ಸ್ ಬಹಿಷ್ಕರಿಸದ ಗಂಡಸೇ ಇರಲಿಲ್ಲ. ಅವರಲ್ಲಿ ಸೇಡಂ ದಾಟಿ ಹೋಗದವರೂ ಇದ್ದರು, ಬಹಿಷ್ಕಾರಕ್ಕೆ ಅದೇನು ಅಡ್ಡಿ ಆಗಲಿಲ್ಲ. ‘ಲಕ್ಷದ್ವೀಪಕ್ಕೇ ಹೋಗ್ರಿ, ದೇಶದ ರೊಕ್ಕ ದೇಶದಾಗ ಇರ್ಲಿ’ ಅಂದರು ಅಪ್ಪ. ಟ್ರಾವೆಲ್ಸ್‌ನವ ಮೆಲ್ಲಗೆ ಹೇಳಿದ, ಅಲ್ಲಿಗೆ ಹೋಗಲು ಪ್ರವೇಶ ಪರವಾನಗಿ ಬೇಕು, ಅರ್ಜಿ ಹಾಕಬೇಕು, ಮಾಲ್ಡೀವ್ಸಿಗಾದರೆ ಇಳಿದ ಮೇಲೆ ವೀಸಾ, ಅದೂ ಪುಕ್ಕಟೆ. ಅರ್ಜಿ ಅನ್ನೋ ಮಾತು ಕೇಳಿ ಅಪ್ಪ ಮಿರ್ಚಿ ಕಡೆ ತಿರುಗಿದರು. ಅವರು ಸರ್ಕಾರಿ ನೌಕರಿಯಲ್ಲಿದ್ದು ನಿವೃತ್ತರಾದವರು, ಅರ್ಜಿ ಹಾಕಿದರೆ ಏನಾಗುತ್ತೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಥಾಯ್ಲೆಂಡಿನ ಕೊ ತಾವೊ ದ್ವೀಪ ಕಡಿಮೆ ಖರ್ಚಿನಲ್ಲಿ ಡೈವಿಂಗ್ ಕಲಿಸುವುದಕ್ಕೆ ಜಗತ್ತಿಗೇ ಹೆಸರಾಗಿದೆ. ಥಾಯ್ಲೆಂಡ್ ಅಂದ ಕೂಡಲೇ ಸೋದರಮಾವ ಕೆಮ್ಮಿದರು. ಅದನ್ನು ಅಲ್ಲಿಗೇ ಬಿಟ್ಟರು.

ಬಾಲಿ ಸ್ವಲ್ಪ ಹೊತ್ತು ನಿಂತಿತು. ಅಲ್ಲಿನ ತುಲಂಬೆನ್ ಹತ್ತಿರ ಲಿಬರ್ಟಿ ಅನ್ನೋ ಅಮೆರಿಕದ ಹಡಗು ಮುಳುಗಿದೆ. 1942ರಲ್ಲಿ ಜಪಾನಿನ ಟಾರ್ಪೆಡೊ ಹೊಡೆತ ತಿಂದು ದಡಕ್ಕೆ ಬಂದು ಬಿದ್ದಿತ್ತು, 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ನೀರಿಗೆ ಜಾರಿತು. ಈಗ ಅದರ ತುಂಬ ಹವಳ, ಮೀನು. ದಡದಿಂದಲೇ ನಡೆದು ಇಳಿಯಬಹುದು. ‘ಮುರುಕು ಸಾಮಾನು ನೋಡ್ಲಕ ಅಷ್ಟು ದೂರ ಯಾಕ? ನಮ್ಮ ಕೋಟಿ ಕಂದಕಕ್ಕ ಇಳೀಲಿ, ಇದಕ್ಕಿಂತ ಜಾಸ್ತಿ ಸಿಗ್ತದ’ ಅಂದರು ಸೋದರಮಾವ. ಮಾತಿನಲ್ಲಿ ಸುಳ್ಳಿಲ್ಲ ಬಿಡಿ. ಆದರೆ ಬಾಲಿ ಕೆಟ್ಟಿದ್ದು ಕಂದಕದಿಂದ ಅಲ್ಲ, ಪಂಚಾಂಗದಿಂದ. ಅಲ್ಲಿ ಮೋಲಾ ಮೋಲಾ ಅನ್ನೋ ದೈತ್ಯ ಮೀನು ಕಾಣೋದು ಜುಲೈಯಿಂದ ಅಕ್ಟೋಬರ್ ತನಕ. ಜುಲೈ ಅಂದರೆ ಆಷಾಢ, ಹೊಸ ಮದುಮಗಳು ತವರಿನಲ್ಲಿ. ಆಮೇಲೆ ಶ್ರಾವಣ, ಸಾಲು ಸಾಲು ಪೂಜೆ. ಅದು ಮುಗಿದರೆ ಗಣಪತಿ, ಅದರ ಹಿಂದೆ ಪಕ್ಷ ಮಾಸ. ಮೋಲಾ ಮೋಲಾ ನಮ್ಮ ಪದ್ಧತಿಗೆ ಹೊಂದಿಕೊಳ್ಳಲಿಲ್ಲ.

ಬೀದರಿನಿಂದ ಬಂದಿದ್ದ ದೊಡ್ಡಮ್ಮ ಒಬ್ಬರು ಆಗಲೇ ಬಾಯಿ ಹಾಕಿದ್ದು. ‘ನಮ್ಮ ಝರಣಿ ನರಸಿಂಹನ ಗುಹೆಗೆ ಬರ್ರಿ. ನೀರಿದ್ದಾಗ ಎದಿಮಟ ಇರ್ತದ, ಒಳಗ 300 ಮೀಟರ್ ನಡೀಬೇಕು, ತಲಿ ಮ್ಯಾಲ ಬಾವಲಿ. ಗಂಡ ಹೆಂಡ್ತಿ ಕೈ ಹಿಡ್ಕೊಂಡು ಹೋದ್ರ ಕಡೀಕ ದೇವರೂ ಸಿಗ್ತಾನ.’ ಇಡೀ ಸಭೆಯಲ್ಲಿ ನೀರಿನ ಆಳ, ದೂರ, ಒಳಗೆ ಏನಿದೆ ಅಂತ ಸ್ಪಷ್ಟವಾಗಿ ಹೇಳಿದವರು ಅವರೊಬ್ಬರೇ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೊನೆಗೆ ಗೆದ್ದಿದ್ದು ಮಾಲ್ಡೀವ್ಸ್. ಬಹಿಷ್ಕಾರದ ಸುದ್ದಿ ಯಾರೂ ತೆಗೆಯಲಿಲ್ಲ. ಗೆದ್ದ ಕಾರಣ ಹವಳವಲ್ಲ, ಮೀನಲ್ಲ. ಹುಡುಗನ ಆಫೀಸಿನಲ್ಲಿ ಅಲ್ಲಿಗೆ ಇನ್ನೂ ಯಾರೂ ಹೋಗಿರಲಿಲ್ಲ, ಅಷ್ಟೇ. ಕಂಬದ ಮೇಲೆ ನಿಂತ ನೀರಿನ ಮನೆ, ಅದರ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂತ ಫೋಟೊ. ಟ್ರಾವೆಲ್ಸ್‌ನವ ಪರದೆ ಮೇಲೆ ದೊಡ್ಡ ಮಾಂಟಾ ಮೀನುಗಳನ್ನು ತೋರಿಸಿ, ಹನಿಫಾರು ಕೊಲ್ಲಿಯಲ್ಲಿ ಇವುಗಳ ಜೊತೆ ಸ್ಕೂಬಾ ಮಾಡಿಸ್ತೀವಿ ಅಂದ. ಆ ಕೊಲ್ಲಿಯಲ್ಲಿ ಸ್ಕೂಬಾಕ್ಕೆ ನಿಷೇಧ ಇದೆ, ಮೇಲೆ ತೇಲುತ್ತಾ ನೋಡಬೇಕು ಅಷ್ಟೇ. ಅದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಪ್ಯಾಕೇಜಿನ ಬೆಲೆ ಅದೇ ಇರುತ್ತಿತ್ತು.

ಅಷ್ಟೊತ್ತು ಸುಮ್ನೆ ಕೂತಿದ್ದ ಹುಡುಗಿ ಒಂದೇ ಒಂದು ಪ್ರಶ್ನೆ ಕೇಳಿದಳು. ‘ಅಲ್ಲಿ ಹವಳ ಈಗ ಚೆಂದ ಅದಾವೇನ್ರಿ?’ ಅವಳು ಶಾಲೆಯಲ್ಲಿ ವಿಜ್ಞಾನ ಕಲಿಸ್ತಾಳೆ. ಸಮುದ್ರ ತೀರಾ ಬಿಸಿಯಾದರೆ ಹವಳ ತನ್ನ ಮೈಯಲ್ಲಿರುವ ಪಾಚಿಯನ್ನು ಹೊರಗೆ ಹಾಕಿ ಬೆಳ್ಳಗಾಗುತ್ತೆ, ಬಿಸಿ ಹಾಗೇ ಮುಂದುವರಿದರೆ ಸಾಯುತ್ತೆ. 1998ರಲ್ಲಿ ಮಾಲ್ಡೀವ್ಸಿನ ಹವಳ ಹೀಗೇ ದೊಡ್ಡ ಪ್ರಮಾಣದಲ್ಲಿ ಸತ್ತಿತು. 2024ರ ಏಪ್ರಿಲಿನಲ್ಲಿ ವಿಜ್ಞಾನಿಗಳು ಇದು ಜಗತ್ತಿನ ನಾಲ್ಕನೇ ದೊಡ್ಡ ಬಿಳಿಚುವಿಕೆ ಅಂತ ಘೋಷಿಸಿದರು, ಅದರಲ್ಲಿ ಲಕ್ಷದ್ವೀಪದ ಹವಳಕ್ಕೂ ಪೆಟ್ಟು ಬಿತ್ತು. ಯಾವ ದಂಡೆ ಚೇತರಿಸಿಕೊಂಡಿದೆ ಅಂತ ಕೇಳಿ ಜಾಗ ಆರಿಸೋದು ಜಾಣತನ. ಟ್ರಾವೆಲ್ಸ್‌ನವ ಲ್ಯಾಪ್‌ಟಾಪಿನಿಂದ ತಲೆ ಎತ್ತಿ ಉತ್ತರ ಕೊಟ್ಟ. ‘ಮೇಡಂ, ವೈಫೈ ಫುಲ್ ಅದ.’

ಪ್ರಯಾಣದ್ದು ಬೇರೆ ಕಥೆ. ಕಲಬುರಗಿಗೂ 2019ರಲ್ಲಿ ವಿಮಾನ ನಿಲ್ದಾಣ ಬಂದಿದೆ. ನಿಲ್ದಾಣ ಗಟ್ಟಿಯಾಗಿ ನಿಂತಿದೆ, ವಿಮಾನದ್ದೇ ಭರವಸೆ ಕಡಿಮೆ. ಹಾಗಾಗಿ ರೈಲಿನಲ್ಲಿ ಬೆಂಗಳೂರು, ಅಲ್ಲಿಂದ ಮುಂದೆ. ಬ್ಯಾಗಿನಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ.

ಪ್ಯಾಕೇಜಿನವ ಡೈವನ್ನು ಕೊನೆಯ ದಿನ ಬೆಳಿಗ್ಗೆ ಇಟ್ಟಿದ್ದ, ಅವತ್ತೇ ಸಂಜೆ ವಿಮಾನ. ನೀರಿನಡಿ ಉಸಿರಾಡಿದಾಗ ಒತ್ತಡಕ್ಕೆ ಸಾರಜನಕ ರಕ್ತದಲ್ಲಿ ಕರಗಿರುತ್ತೆ. ತಕ್ಷಣ ವಿಮಾನ ಹತ್ತಿದರೆ ಗುಳ್ಳೆಯಾಗಿ ಕೀಲು, ನರ ಹಿಡಿಯಬಹುದು. ಅದಕ್ಕೇ ಡೈವ್ ಆದ ಮೇಲೆ 18 ಗಂಟೆ ವಿಮಾನ ಬೇಡ ಅನ್ನೋದು ರೂಢಿಯ ಸಲಹೆ. ಅಲ್ಲಿನ ತರಬೇತುದಾರ ಪಟ್ಟಿ ನೋಡಿ ಹಣೆ ಹಣೆ ಚಚ್ಚಿಕೊಂಡು ಡೈವನ್ನು ಎರಡು ದಿನ ಮೊದಲೇ ಇಟ್ಟ. ಆಮೇಲೆ ಆರೋಗ್ಯದ ಫಾರ್ಮ್ ಕೊಟ್ಟ. ಬಿಪಿ, ಅಸ್ತಮಾ, ಕಿವಿ ನೋವು, ಶಸ್ತ್ರಚಿಕಿತ್ಸೆ. ನಮ್ಮ ಹುಡುಗ ಓದದೇ ಎಲ್ಲದಕ್ಕೂ ಇಲ್ಲ ಅಂತ ಗೀಟು ಎಳೆದ. ಬೆನ್ನಿಗೆ ಕಟ್ಟಿದ್ದು ಆಕ್ಸಿಜನ್ ಅಲ್ಲ, ಒತ್ತಿ ತುಂಬಿದ ಮಾಮೂಲಿ ಗಾಳಿ ಅಂತ ಗೊತ್ತಾದಾಗ ಅವನ ಮುಖ ಸಣ್ಣದಾಯಿತು. ಇಷ್ಟು ರೊಕ್ಕ ಕೊಟ್ಟು ಗಾಳಿ ಬಂತಲ್ಲ ಅಂತ. ಗಾಳಿ ಊರಿನ ನಲ್ಲಿಯಲ್ಲೂ ಬರುತ್ತೆ, ಬಿಲ್ಲಿನ ಸಮೇತ. ಬಾಯಲ್ಲಿದ್ದ ಗುಟ್ಕಾ ಉಗುಳಿ ಬಾ ಅಂತ ಸನ್ನೆಯಲ್ಲಿ ಹೇಳಿಸಿಕೊಂಡ ಮೇಲೆ ಇಳಿದ.

ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯ ಒತ್ತಡ ಸರಿಮಾಡಿಕೊಳ್ಳುತ್ತಾ, ತರಬೇತುದಾರನ ಕೈ ಬಿಡದೆ ಎಂಟೊಂಬತ್ತು ಮೀಟರ್ ತಲುಪಿದರು. ಕ್ಯಾಮೆರಾ ಕಂಡಿತು. ನಮ್ಮ ಹುಡುಗ ಅಭ್ಯಾಸದಂತೆ ಹೆಬ್ಬೆರಳು ಎತ್ತಿ ತೋರಿಸಿದ. ನೀರಿನಡಿಯ ಭಾಷೆಯಲ್ಲಿ ಹೆಬ್ಬೆರಳು ಎತ್ತಿದರೆ ಚೆನ್ನಾಗಿದೆ ಅಂತಲ್ಲ, ಮೇಲೆ ಹೋಗೋಣ ಅಂತ. ತರಬೇತುದಾರ ಇಬ್ಬರನ್ನೂ ಮೇಲಕ್ಕೆ ತಂದ. ಮತ್ತೆ ಇಳಿಸಿದ. ಮತ್ತೆ ಕ್ಯಾಮೆರಾ, ಮತ್ತೆ ಹೆಬ್ಬೆರಳು. ಹುಡುಗಿ ಆಮೇಲೆ ಅವನ ಕೈಯನ್ನೇ ಹಿಡಿದುಕೊಂಡಳು. ನೋಡಿದವರಿಗೆ ಪ್ರೀತಿ ಅನ್ನಿಸಿರಬೇಕು.

ಫೋಟೊ ಸಂಜೆಯೊಳಗೆ ಕಲಬುರಗಿ ತಲುಪಿತು. ಅತ್ತೆ ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದರು. ಮೀನು ನೋಡಲಿಲ್ಲ, ಮಗನನ್ನೂ ನೋಡಲಿಲ್ಲ. ಸೊಸೆಯ ತಾಳಿ ನೋಡಿದರು. ಡೈವಿಗೆ ಮುಂಚೆ ಒಡವೆ ತೆಗೆಯಿರಿ ಅಂದಿದ್ದರೂ ಅತ್ತೆಯ ಅಪ್ಪಣೆಯಂತೆ ಅವಳು ತಾಳಿ ತೆಗೆದಿರಲಿಲ್ಲ. ಅದರ ಎರಡೂ ಕಡೆ ಕೆಂಪಗೆ ಹೊಳೆಯುತ್ತಿದ್ದ ಹವಳ ಫೋಟೊದಲ್ಲಿ ಬೂದು ಬಣ್ಣ. ನೀರು ಮೊದಲು ನುಂಗೋದೇ ಕೆಂಪು ಬಣ್ಣವನ್ನ, ಮೇಲೆ ಬಂದರೆ ಅದು ಮೊದಲಿನಂತೆಯೇ ಇರುತ್ತೆ ಅಂತ ಸೊಸೆ ಫೋನಿನಲ್ಲಿ ಎಷ್ಟು ಬಿಡಿಸಿ ಹೇಳಿದರೂ ಅತ್ತೆಗೆ ನಂಬಿಕೆ ಬರಲಿಲ್ಲ. ಮರುದಿನ ಅಂಗಡಿ ಬಾಗಿಲು ತೆರೆಯುವ ಹೊತ್ತಿಗೇ ಸರಾಫ್ ಬಜಾರಿಗೆ ಹೋಗಿ ಫೋಟೊ ಹಿಡಿದು ನಿಂತರು.

‘ಏನ್ರಿ, ಖರೇ ಹವಳ ಅಂತ ಹೇಳಿ ಕೊಟ್ಟೀರಿ. ನೋಡ್ರಿಲ್ಲಿ, ತಿಂಗಳೊಳಗ ಬಣ್ಣ ಹೋಗ್ಯಾದ.’

ಸರಾಫರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ‘ನೀರು ಬಿದ್ದದಲ್ರಿ ಅಮ್ಮ. ಯಾವ ನೀರು? ಬೋರಿಂದಾ, ನಳದ್ದಾ?’

‘ಸಮುದ್ರದ್ದು.’

‘ಹಂಗಾದ್ರ ನಾವು ಗ್ಯಾರಂಟಿ ಕೊಡಲ್ಲ ನೋಡ್ರಿ. ಹವಳಕ್ಕ ಸಮುದ್ರದ ನೀರು ಆಗಂಗಿಲ್ಲ.’