ವಿದಿಚ್ ಅವರ ನಾಲ್ಕು ಕೆಂಪು ಕಾರ್ಡ್‌ಗಳು

ಕಾಲ್ಚೆಂಡಿನಲ್ಲಿ ನಾನು ಲಿವರ್‌ಪೂಲ್ ಪಕ್ಷದವನು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಬರಹ ಮ್ಯಾಂಚೆಸ್ಟರ್ ಯುನೈಟೆಡ್‌ನ ಮಾಜಿ ನಾಯಕ, ಸರ್ಬಿಯಾದ ಸೆಂಟರ್ ಬ್ಯಾಕ್ (ರಕ್ಷಣೆಯ ನಡುವೆ ನಿಲ್ಲುವ ಡಿಫೆಂಡರ್) ನೆಮಾನ್ಯ ವಿದಿಚ್ ಅವರ ಪರವಾಗಿದೆ. 2009ರ ಮಾರ್ಚ್ 14ರಂದು ಓಲ್ಡ್ ಟ್ರಾಫರ್ಡ್‌ನಲ್ಲಿ ಲಿವರ್‌ಪೂಲ್ 4–1ರಿಂದ ಗೆದ್ದಾಗ ಟಿವಿಯ ಮುಂದೆ ಕುಣಿದವರಲ್ಲಿ ನಾನೂ ಒಬ್ಬ. ಅಂದು ಫರ್ನಾಂಡೊ ಟೊರೆಸ್ ವಿದಿಚ್ ಅವರ ಕಾಲಿನಿಂದ ಚೆಂಡು ಕಸಿದು ಗೋಲು ಹೊಡೆದರು; ದ್ವಿತೀಯಾರ್ಧದಲ್ಲಿ ಸ್ಟೀವನ್ ಜೆರಾರ್ಡ್ ಅವರನ್ನು ಹಿಡಿದೆಳೆದ ತಪ್ಪಿಗೆ ವಿದಿಚ್ ಕೆಂಪು ಕಾರ್ಡ್ ಪಡೆದು ಹೊರನಡೆದರು; ಅದೇ ತಪ್ಪಿಗೆ ಸಿಕ್ಕ ಫ್ರೀ ಕಿಕ್ ಕೂಡ ಗೋಲಾಯಿತು. ಅಂದಿನಿಂದ ಅವರ ಹೆಸರು ಬಂದಲ್ಲೆಲ್ಲ ಈ ಪಂದ್ಯವೂ ಬರುತ್ತದೆ. ನಮ್ಮ ಕಡೆಯವರು ಅವರನ್ನು ಕೊಂಬು ಬಗ್ಗಿಸಿ ನುಗ್ಗುವ ಹೋರಿ ಎಂದು ಗೇಲಿ ಮಾಡಿದರೆ, ಯುನೈಟೆಡ್‌ನ ಅಭಿಮಾನಿಗಳು ಎದುರಾಳಿ ಕಾಲಿಡಲು ಹೆದರುವ ಕಡೆ ತಲೆಯಿಡುವ ಗಂಡೆದೆಯವನೆಂದು ಹೊಗಳುತ್ತಾರೆ. ಬೈದವರೂ ಹೊಗಳಿದವರೂ ಒಂದೇ ಮಾತನ್ನು ಹೇಳುತ್ತಿದ್ದಾರೆ, ಮತ್ತು ಆ ಮಾತು ನನಗೆ ಒಪ್ಪಿಗೆಯಿಲ್ಲ.

ವಿದಿಚ್ ಅವರ ಕಸುಬಿನ ತಿರುಳಿದ್ದದ್ದು ಚೆಂಡಿನ ಬಳಿ ಎದುರಾಳಿಗಿಂತ ಮೊದಲು ತಲುಪುವುದರಲ್ಲಿ. ಮೊದಲು ತಲುಪಬೇಕಾದರೆ ಓಟದ ವೇಗ ಸಾಲದು, ಅಷ್ಟು ವೇಗ ಅವರಿಗೆ ಇರಲೂ ಇಲ್ಲ. ಚೆಂಡು ಎಲ್ಲಿ ಬೀಳುತ್ತದೆ ಎಂಬುದನ್ನು ಅದು ಪಾಸ್ ಕೊಡುವವನ ಕಾಲು ಬಿಡುವ ಮೊದಲೇ ಊಹಿಸಿರಬೇಕು. ಕಬಡ್ಡಿ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ರೈಡರ್‌ನ ಪಾದಕ್ಕೆ ಧುಮುಕುವವನ ಧೈರ್ಯ ಎಲ್ಲರ ಕಣ್ಣಿಗೂ ಬೀಳುತ್ತದೆ, ಅವನು ಆರಿಸಿಕೊಂಡ ಗಳಿಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಸಂಜೆಯ ಟೊರೆಸ್ ಗೋಲನ್ನು ಮತ್ತೊಮ್ಮೆ ನೋಡಿ. ಹಿಂದಿನಿಂದ ಬಂದ ಉದ್ದನೆಯ ಚೆಂಡನ್ನು ವಿದಿಚ್ ನುಗ್ಗಿ ತಲೆಯಿಂದ ಹೊಡೆದು ಹಾಕಲಿಲ್ಲ. ನೆಲಕ್ಕೆ ಪುಟಿಯಲೆಂದು ಕಾದರು. ಕಾದದ್ದರಿಂದಲೇ ಟೊರೆಸ್ ಮೊದಲಿಗರಾದರು. ಆತುರದ ಆಟಗಾರ ಎಂದು ಯಾರನ್ನು ಹಂಗಿಸುತ್ತೇವೆಯೋ, ಅವರ ಅತಿ ಪ್ರಸಿದ್ಧ ತಪ್ಪು ತಡಮಾಡಿದ್ದರಿಂದ ಆದದ್ದು.

ಆ ಪಂದ್ಯಕ್ಕೆ ಹತ್ತು ದಿನ ಮುಂಚಿನ ಸಂಗತಿಯನ್ನು ಲಿವರ್‌ಪೂಲ್ ಅಭಿಮಾನಿಗಳಾದ ನಾವು ಸಾಮಾನ್ಯವಾಗಿ ಮರೆತಂತೆ ನಟಿಸುತ್ತೇವೆ. 2008ರ ನವೆಂಬರ್‌ನಿಂದ 2009ರ ಮಾರ್ಚ್ 4ರವರೆಗೆ ಯುನೈಟೆಡ್ ತಂಡ ಲೀಗ್‌ನಲ್ಲಿ ಸತತ 14 ಪಂದ್ಯಗಳಲ್ಲಿ ಒಂದೂ ಗೋಲು ಬಿಟ್ಟುಕೊಟ್ಟಿರಲಿಲ್ಲ. ಗೋಲ್‌ಕೀಪರ್ ಎಡ್ವಿನ್ ವಾನ್ ಡೆರ್ ಸಾರ್ 1,311 ನಿಮಿಷಗಳ ಕಾಲ ಲೀಗ್‌ನಲ್ಲಿ ಬಲೆಯಿಂದ ಚೆಂಡು ಹೆಕ್ಕಿರಲಿಲ್ಲ. ದಾಖಲೆ ಕೀಪರ್ ಹೆಸರಿನಲ್ಲಿದೆ, ಅದು ನ್ಯಾಯವೇ. ಆದರೆ ಗಾಯಗಳ ಕಾರಣ ಪಕ್ಕದ ಜೊತೆಗಾರರು ಬದಲಾಗುತ್ತಿದ್ದ ಆ ತಿಂಗಳುಗಳಲ್ಲಿ ರಕ್ಷಣೆಯ ನಡುಗಂಬವಾಗಿ ನಿಂತವರು ವಿದಿಚ್. ಇದೇ ಅವಧಿಯ ಡಿಸೆಂಬರ್‌ನಲ್ಲಿ ಸಂಡರ್‌ಲ್ಯಾಂಡ್ ವಿರುದ್ಧ ಹೆಚ್ಚುವರಿ ನಿಮಿಷಗಳಲ್ಲಿ ಪಂದ್ಯದ ಏಕೈಕ ಗೋಲನ್ನು ಅವರೇ ಹೊಡೆದರು, ಜನವರಿಯಲ್ಲಿ ಚೆಲ್ಸಿಯನ್ನು 3–0ರಿಂದ ಸೋಲಿಸಿದಾಗ ಮೊದಲ ಗೋಲೂ ಅವರದ್ದು. ಋತುವಿನ ಕೊನೆಗೆ ಯುನೈಟೆಡ್‌ಗೆ 90 ಅಂಕ, ನಮಗೆ 86. ಪ್ರೀಮಿಯರ್ ಲೀಗ್‌ನ ವರ್ಷದ ಆಟಗಾರ ಪ್ರಶಸ್ತಿ ವಿದಿಚ್ ಅವರಿಗೆ ಸಂದಿತು. ಅದೇ ಪ್ರಶಸ್ತಿ 2010–11ರಲ್ಲಿ ಅವರಿಗೆ ಮತ್ತೊಮ್ಮೆ ಬಂತು. ಗೋಲು ಹೊಡೆಯುವವರನ್ನೇ ಪೂಜಿಸುವ ಆಟದಲ್ಲಿ ಒಬ್ಬ ಡಿಫೆಂಡರ್‌ಗೆ ಇದು ಎರಡು ಸಲ ಒಲಿದದ್ದು ಸಣ್ಣ ಮಾತಲ್ಲ.

ಇನ್ನು ಅವರು ಬಂದ ದಾರಿ. ಪಶ್ಚಿಮ ಸರ್ಬಿಯಾದ ಉಜಿತ್ಸೆ ಪಟ್ಟಣದಲ್ಲಿ 1981ರ ಅಕ್ಟೋಬರ್ 21ರಂದು ಅವರು ಹುಟ್ಟಿದಾಗ ಆ ಊರಿನ ಹೆಸರಿನ ಮುಂದೆ ದೇಶವನ್ನು ದಶಕಗಳ ಕಾಲ ಆಳಿದ ಟಿಟೊ ಅವರ ಹೆಸರಿತ್ತು, ದೇಶದ ಹೆಸರು ಯುಗೊಸ್ಲಾವಿಯ ಆಗಿತ್ತು. ಬೆಲ್‌ಗ್ರೇಡ್‌ನ ರೆಡ್ ಸ್ಟಾರ್ ಕ್ಲಬ್ 1991ರಲ್ಲಿ ಬಾರಿಯಲ್ಲಿ ಮಾರ್ಸೆಯ್ ತಂಡವನ್ನು ಪೆನಾಲ್ಟಿಗಳಲ್ಲಿ ಮಣಿಸಿ ಯುರೋಪಿಯನ್ ಕಪ್ ಗೆದ್ದಾಗ ಅವರಿಗೆ ಒಂಬತ್ತು ವರ್ಷ. ಮರುವರ್ಷವೇ ಯುದ್ಧ ಮತ್ತು ವಿಶ್ವಸಂಸ್ಥೆಯ ನಿರ್ಬಂಧಗಳ ಫಲವಾಗಿ ಯುಗೊಸ್ಲಾವಿಯ ತಂಡವನ್ನು ಯುರೋ ಟೂರ್ನಿಯಿಂದಲೇ ಹೊರಗಿಡಲಾಯಿತು. ಆ ದಶಕದುದ್ದಕ್ಕೂ ಅಲ್ಲಿನ ಕ್ಲಬ್‌ಗಳು ಆಟಗಾರರನ್ನು ಬೆಳೆಸಿ ಮಾರುವ ನರ್ಸರಿಗಳಾದವು. ಹದಿಹರೆಯದಲ್ಲೇ ರೆಡ್ ಸ್ಟಾರ್ ಸೇರಿದ ವಿದಿಚ್, ಸ್ಪಾರ್ಟಕ್ ಸುಬೊತಿತ್ಸದಲ್ಲಿ ಒಂದು ಋತು ಎರವಲು ಆಟಗಾರನಾಗಿ ಪಳಗಿ ಮರಳಿ, ನಾಯಕನಾಗಿ, 2003–04ರಲ್ಲಿ ಲೀಗನ್ನೂ ಕಪ್ಪನ್ನೂ ಒಟ್ಟಿಗೆ ಗೆದ್ದುಕೊಟ್ಟು, ಅದೇ ಬೇಸಿಗೆಯಲ್ಲಿ ಇನ್ನೊಂದು ಸ್ಪಾರ್ಟಕ್‌ಗೆ, ಅಂದರೆ ಮಾಸ್ಕೋಗೆ, ಹೊರಟರು. ಅಲ್ಲಿಂದ 2006ರ ಜನವರಿಯಲ್ಲಿ ಸುಮಾರು 70 ಲಕ್ಷ ಪೌಂಡ್‌ಗಳಿಗೆ ಮ್ಯಾಂಚೆಸ್ಟರ್.

ಆಗ ರಷ್ಯಾದ ಲೀಗ್ ವಸಂತದಲ್ಲಿ ಶುರುವಾಗಿ ಚಳಿಗಾಲಕ್ಕೆ ಮುನ್ನ ಮುಗಿಯುತ್ತಿತ್ತು. ಹಾಗಾಗಿ ಇಂಗ್ಲೆಂಡ್‌ನಲ್ಲಿ ಋತು ನಡುಮಧ್ಯದ ಬಿಸಿಯಲ್ಲಿದ್ದಾಗ ವಿದಿಚ್ ವಾರಗಟ್ಟಲೆ ಪಂದ್ಯವಿಲ್ಲದ ದೇಹದೊಂದಿಗೆ ಬಂದಿಳಿದರು. ಅದೇ ತಿಂಗಳು ಬಂದ ಪ್ಯಾಟ್ರಿಸ್ ಎವ್ರಾ ಅವರ ಪಾಡೂ ಆರಂಭದಲ್ಲಿ ಹಾಗೆಯೇ ಇತ್ತು. ಫೆಬ್ರವರಿಯಲ್ಲಿ ವಿಗನ್ ವಿರುದ್ಧ 4–0ರಿಂದ ಗೆದ್ದ ಲೀಗ್ ಕಪ್ ಫೈನಲ್‌ನಲ್ಲಿ ಇಬ್ಬರಿಗೂ ಸಿಕ್ಕಿದ್ದು ಕೊನೆಯ ಕೆಲವೇ ನಿಮಿಷಗಳು. ಇವರಿಬ್ಬರನ್ನೂ ದಂಡದ ಖರೀದಿ ಎಂದು ಜರೆದವರು ಆಗ ಕಡಿಮೆಯಿರಲಿಲ್ಲ.

ಮುಂದಿನ ಋತುವಿನಿಂದ ರಿಯೊ ಫರ್ಡಿನೆಂಡ್ ಜೊತೆಗಿನ ಜೋಡಿ ಕುದುರಿತು. ಇಲ್ಲಿ ನನ್ನ ವಾದದ ಇನ್ನೊಂದು ಮಗ್ಗುಲಿದೆ. ಚೆಂಡಿನತ್ತ ಮುನ್ನುಗ್ಗುವ ಡಿಫೆಂಡರ್ ತನ್ನ ಬೆನ್ನ ಹಿಂದೆ ಬಯಲನ್ನು ಬಿಟ್ಟು ಹೋಗುತ್ತಾನೆ. ಆ ಬಯಲನ್ನು ಕಾಯಲು ವೇಗವೂ ಸಮಾಧಾನವೂ ಇರುವ ಒಬ್ಬ ಬೇಕು. ಫರ್ಡಿನೆಂಡ್ ಅಂಥವರು. ಒಬ್ಬರು ಮೊದಲ ಚೆಂಡಿಗೆ ಹೋದರೆ ಇನ್ನೊಬ್ಬರು ಎರಡು ಹೆಜ್ಜೆ ಹಿಂದೆ ಸರಿದು ಎರಡನೆಯ ಚೆಂಡಿಗೆ ಕಾಯುತ್ತಿದ್ದರು, ಹಿಂದೆ ವಾನ್ ಡೆರ್ ಸಾರ್ ಕಾಲಿನಲ್ಲೂ ಆಡಬಲ್ಲ ಕೀಪರ್. ವಿದಿಚ್ ಅವರ ಧೈರ್ಯ ಎಂದು ನಾವು ಕಂಡದ್ದರಲ್ಲಿ ಒಂದು ಪಾಲು, ಹಿಂದೆ ಯಾರಿದ್ದಾರೆ ಎಂಬ ಭರವಸೆ. 2007ರಿಂದ 2009ರವರೆಗೆ ಸತತ ಮೂರು ಲೀಗ್ ಪ್ರಶಸ್ತಿಗಳು ಈ ಭರವಸೆಯ ಮೇಲೆ ನಿಂತಿದ್ದವು ಎಂದರೆ ರೊನಾಲ್ಡೊ, ರೂನಿ ಅಭಿಮಾನಿಗಳಿಗೆ ಕೋಪ ಬರಬಹುದು, ಬರಲಿ.

2008ರ ಮೇ 21ರಂದು, ತಮ್ಮ ಹಳೆಯ ಊರಾದ ಮಾಸ್ಕೋದಲ್ಲೇ, ಚೆಲ್ಸಿ ವಿರುದ್ಧ ಚಾಂಪಿಯನ್ಸ್ ಲೀಗ್ ಫೈನಲ್. 1–1ರ ಸಮಬಲದಲ್ಲಿ ಹೆಚ್ಚುವರಿ ಅವಧಿ ಮುಗಿಯಲು ನಾಲ್ಕು ನಿಮಿಷಗಳಿದ್ದಾಗ ನಡೆದ ನೂಕುನುಗ್ಗಲಲ್ಲಿ ಡಿಡಿಯೆ ಡ್ರೋಗ್ಬಾ ವಿದಿಚ್ ಅವರ ಕೆನ್ನೆಗೆ ತಟ್ಟಿ ಕೆಂಪು ಕಾರ್ಡ್ ಪಡೆದರು. ಹೀಗಾಗಿ ಪೆನಾಲ್ಟಿ ಸರದಿಯಲ್ಲಿ ಡ್ರೋಗ್ಬಾ ಇರಲಿಲ್ಲ. ಚೆಲ್ಸಿಯ ಐದನೆಯ ಪೆನಾಲ್ಟಿ ಹೊಡೆಯಲು ಬಂದ ಜಾನ್ ಟೆರಿ ಒದ್ದೆ ಹುಲ್ಲಿನಲ್ಲಿ ಜಾರಿದರು, ಯುನೈಟೆಡ್ 6–5ರಿಂದ ಗೆದ್ದಿತು. ಎರಡು ತಾಸು ಮೈಗೆ ಮೈ ತಾಗಿಸಿ ಒಬ್ಬ ಫಾರ್ವರ್ಡ್‌ನ ತಾಳ್ಮೆ ಸವೆಸುವುದು ಯಾವ ಅಂಕಿಅಂಶದ ಪಟ್ಟಿಯಲ್ಲೂ ದಾಖಲಾಗುವುದಿಲ್ಲ. ಬಾರ್ಸಿಲೋನಾ ಎದುರಿನ ಎರಡು ಫೈನಲ್‌ಗಳಲ್ಲಿ ಮಾತ್ರ ಈ ವಿದ್ಯೆ ನಡೆಯಲಿಲ್ಲ. 2009ರಲ್ಲಿ ರೋಮ್‌ನಲ್ಲಿ ಬಾರ್ಸಿಲೋನಾದ ಎಟೊ ವಿದಿಚ್ ಅವರನ್ನು ದಾಟಿ ಮೊದಲ ಗೋಲು ಹೊಡೆದರು, 2011ರಲ್ಲಿ ವೆಂಬ್ಲಿಯಲ್ಲಿ 3–1ರ ಸೋಲು. ಮುನ್ನುಗ್ಗಿ ತಡೆಯಲು ಎದುರಿಗೆ ಒಬ್ಬ ಸೆಂಟರ್ ಫಾರ್ವರ್ಡ್ ನಿಲ್ಲಬೇಕು. ಮೆಸ್ಸಿ ನಿಲ್ಲುತ್ತಲೇ ಇರಲಿಲ್ಲ.

ನಮ್ಮ ವಿರುದ್ಧ ಅವರು ಪಡೆದ ಕೆಂಪು ಕಾರ್ಡ್‌ಗಳು ನಾಲ್ಕು: 2008ರ ಸೆಪ್ಟೆಂಬರ್, 2009ರ ಮಾರ್ಚ್, 2009ರ ಅಕ್ಟೋಬರ್, 2014ರ ಮಾರ್ಚ್. ನಾಲ್ಕೂ ಪಂದ್ಯಗಳನ್ನು ಯುನೈಟೆಡ್ ಸೋತಿದೆ. ಕೊನೆಯದು ಅನ್ಯಾಯವೆಂದು ನಾನೇ ಒಪ್ಪುತ್ತೇನೆ, ಡೇನಿಯಲ್ ಸ್ಟರಿಜ್ ಬಿದ್ದದ್ದು ತೀರಾ ಸುಲಭವಾಗಿತ್ತು. ಉಳಿದ ಮೂರರ ಬಗ್ಗೆ ತಕರಾರಿಲ್ಲ. ಆದರೆ 14 ಪಂದ್ಯಗಳ ಆ ಕೋಟೆಯನ್ನು ಕಟ್ಟಿದ ಅಭ್ಯಾಸವೇ ಈ ಕಾರ್ಡ್‌ಗಳನ್ನೂ ತಂದದ್ದು: ಮೊದಲು ತಲುಪಿದರೆ ಅದು ಅದ್ಭುತ ಟ್ಯಾಕಲ್, ಅರೆಕ್ಷಣ ತಡವಾದರೆ ಫೌಲ್. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಕಳೆಯುವ ದಾರಿ ಇರಲಿಲ್ಲ. ಸರ್ಬಿಯಾದವರು ಎಂಬ ಕಾರಣಕ್ಕೇ ಸ್ವಂತ ಕ್ರೀಡಾಂಗಣದಲ್ಲೂ ಅವರನ್ನು ಕೊಲೆಗಡುಕನಂತೆ ಬಣ್ಣಿಸಿ ಹಾಡುತ್ತಿದ್ದರು. ಪ್ರೀತಿಯ ಹಾಡೇ ಆದರೂ, ತೊಂಬತ್ತರ ದಶಕದ ಸುದ್ದಿಗಳಿಂದ ಒಂದು ದೇಶದ ಜನರೆಲ್ಲರ ಬಗ್ಗೆ ಕಟ್ಟಿಕೊಂಡ ಕಲ್ಪನೆ ಅದರೊಳಗಿತ್ತು.

ದೇಶದ ಪರವಾಗಿ ಅವರಿಗೆ ದಕ್ಕಿದ್ದು ಕಡಿಮೆ. 2006ರ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಸರ್ಬಿಯಾ ಮತ್ತು ಮಾಂಟೆನೆಗ್ರೊ ತಂಡ ಹತ್ತು ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಒಂದೇ ಗೋಲು, ಅದೂ ಮ್ಯಾಡ್ರಿಡ್‌ನಲ್ಲಿ ಸ್ಪೇನ್‌ನ ರೌಲ್ ಹೊಡೆದದ್ದು. ವಿದಿಚ್, ಮ್ಲಾದೆನ್ ಕ್ರ್‌ಸ್ತಾಯಿಚ್, ಗೊರಾನ್ ಗವ್ರಾಂಚಿಚ್, ಇವಿತ್ಸ ದ್ರಗುಟಿನೊವಿಚ್ ಎಂಬ ಆ ನಾಲ್ವರ ಗೋಡೆ ಸ್ಪೇನನ್ನು ಹಿಂದಿಕ್ಕಿ ಗುಂಪಿನಲ್ಲಿ ಮೊದಲ ಸ್ಥಾನ ತಂದಿತು. ಬೋಸ್ನಿಯಾ ವಿರುದ್ಧದ ಕೊನೆಯ ಅರ್ಹತಾ ಪಂದ್ಯದಲ್ಲಿ ವಿದಿಚ್ ಕೆಂಪು ಕಾರ್ಡ್ ಪಡೆದದ್ದರಿಂದ ವಿಶ್ವಕಪ್‌ನ ಮೊದಲ ಪಂದ್ಯ ತಪ್ಪಿತು; ಆಮೇಲೆ ಅಭ್ಯಾಸದಲ್ಲಿ ಮೊಣಕಾಲಿಗೆ ಪೆಟ್ಟಾಗಿ ಟೂರ್ನಿಯೇ ತಪ್ಪಿತು. ಅಷ್ಟರಲ್ಲಿ ಮಾಂಟೆನೆಗ್ರೊ ಸ್ವತಂತ್ರವಾಗಿ, ತಂಡ ಪ್ರತಿನಿಧಿಸುತ್ತಿದ್ದ ದೇಶವೇ ಇಲ್ಲವಾಗಿತ್ತು. ಇಲ್ಲದ ದೇಶದ ಜೆರ್ಸಿ ತೊಟ್ಟ ಆ ತಂಡ ಅರ್ಜೆಂಟೀನಾಕ್ಕೆ 6–0ರಿಂದ ಸೋತಿತು. 2010ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸರ್ಬಿಯಾ ಜರ್ಮನಿಯನ್ನು 1–0ರಿಂದ ಸೋಲಿಸಿದ ದಿನವೂ ವಿದಿಚ್ ಪೆನಾಲ್ಟಿ ಪ್ರದೇಶದಲ್ಲಿ ಕೈಯಿಂದ ಚೆಂಡು ಮುಟ್ಟಿದ್ದರು. ಪೊಡೋಲ್‌ಸ್ಕಿ ಹೊಡೆತವನ್ನು ಕೀಪರ್ ಸ್ಟೊಯ್ಕೊವಿಚ್ ತಡೆದು ಅವರ ಮಾನ ಉಳಿಸಿದರು.

2011ರ ಅಕ್ಟೋಬರ್ 11ರಂದು ಮಾರಿಬೋರ್‌ನಲ್ಲಿ ಸ್ಲೊವೇನಿಯಾ ವಿರುದ್ಧ ಗೆದ್ದಿದ್ದರೆ ಸರ್ಬಿಯಾಕ್ಕೆ ಯುರೋ 2012ರ ಪ್ಲೇ ಆಫ್ ಸಿಗುತ್ತಿತ್ತು. ತಂಡ 0–1ರಿಂದ ಹಿಂದಿದ್ದಾಗ ಪೆನಾಲ್ಟಿ ಸಿಕ್ಕಿತು. ಹೊಡೆಯಲು ಮುಂದೆ ಬಂದವರು ಸೆಂಟರ್ ಬ್ಯಾಕ್ ವಿದಿಚ್. ಇದು ಅವರ ಕೆಲಸವಲ್ಲವೆಂದು ಆಗ ಅನೇಕರು ಬರೆದರು. ಮುಂದೆ ಬರುವುದೇ ಇಡೀ ವೃತ್ತಿಯ ಅಭ್ಯಾಸವಾಗಿದ್ದವರು ಆ ಒಂದು ದಿನ ಹಿಂದೆ ಸರಿಯಬೇಕಿತ್ತೇ? ಕೀಪರ್ ಸಮೀರ್ ಹಂಡಾನೊವಿಚ್ ಚೆಂಡನ್ನು ತಡೆದರು, ಸರ್ಬಿಯಾ ಹೊರಬಿತ್ತು, 56 ಪಂದ್ಯಗಳ ಬಳಿಕ ವಿದಿಚ್ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದರು. ಆಗ ಅವರಿಗೆ ಮೂವತ್ತು ತುಂಬುತ್ತಿತ್ತು.

ಎರಡು ತಿಂಗಳೊಳಗೆ, ಡಿಸೆಂಬರ್ 7ರಂದು ಬಾಸೆಲ್‌ನಲ್ಲಿ, ಮೊಣಕಾಲಿನ ಅಸ್ಥಿರಜ್ಜು ಹರಿದು ಆ ಋತುವೇ ಮುಗಿದುಹೋಯಿತು. 2013ರಲ್ಲಿ ಐದನೆಯ ಲೀಗ್ ಪ್ರಶಸ್ತಿ ಎತ್ತಿದರಾದರೂ ಆ ಮೊದಲ ಹೆಜ್ಜೆ ಹಿಂದಿನಷ್ಟು ಚುರುಕಾಗಿರಲಿಲ್ಲ. 300 ಪಂದ್ಯಗಳನ್ನೂ 21 ಗೋಲುಗಳನ್ನೂ ಬಿಟ್ಟು 2014ರಲ್ಲಿ ಮಿಲಾನ್‌ನ ಇಂಟರ್ ಕ್ಲಬ್ ಸೇರಿದರು. ಆಗಸ್ಟ್ 31ರಂದು ಟೊರಿನೊ ವಿರುದ್ಧ ಇಟಲಿಯ ಲೀಗ್‌ನಲ್ಲಿ ಅವರ ಮೊದಲ ಪಂದ್ಯ. ಟ್ಯಾಕಲ್‌ಗೆ ತಡವಾಗಿ ತಲುಪಿ ಪೆನಾಲ್ಟಿ ಕೊಟ್ಟರು. ಈಗ ಅವರದೇ ತಂಡದ ಕೀಪರ್ ಆಗಿದ್ದ ಹಂಡಾನೊವಿಚ್ ಅದನ್ನು ತಡೆದರು. ಪಂದ್ಯ 0–0ರಲ್ಲಿ ಮುಗಿಯುವ ಮೊದಲು, ರೆಫರಿಯ ತೀರ್ಪಿಗೆ ವ್ಯಂಗ್ಯವಾಗಿ ಚಪ್ಪಾಳೆ ತಟ್ಟಿದ್ದಕ್ಕೆ ವಿದಿಚ್ ಅವರಿಗೆ ಕೆಂಪು ಕಾರ್ಡ್ ಸಿಕ್ಕಿತು.