ಮೋಡದ ಫೋಟೋ, ಮೂಲೇಲಿ ಸಂಡಿಗೆ

ನಮ್ದೊಂದು ವಾಟ್ಸಾಪ್ ಗುಂಪಿದೆ, ಏಳೆಂಟು ಜನ, ಒಬ್ಬರ ಮುಖ ಒಬ್ರು ನೆಟ್ಟಗೆ ನೋಡಿಲ್ಲ, ಆದ್ರೆ ಯಾರ ಮನೇಲಿ ಇವತ್ತು ಏನು ತಿಂಡಿ, ಯಾರ ಸ್ಕೂಟರ್ ಸ್ಟಾರ್ಟ್ ಆಗ್ಲಿಲ್ಲ ಅನ್ನೋದೆಲ್ಲ ಎಲ್ರಿಗೂ ಗೊತ್ತು. ಮಾತಿಗೆ ಏನೂ ಸಿಗದಿದ್ರೆ ಹವಾಮಾನ. ಅದೂ ಮಾತಲ್ಲ ಬಿಡಿ, ಪೈಪೋಟಿ. ನಾನು "ಬೆಂಗಳೂರಲ್ಲಿ ಇವತ್ತು ಏನು ಸೆಕೆ ರೀ" ಅಂದ್ರೆ ಸಾಕು, ಕಲಬುರಗಿ ಅಣ್ಣ ಎದ್ದು ಬರ್ತಾರೆ. "ನಿಮ್ದೂ ಒಂದು ಬಿಸಿಲೇನ್ರೀ? ನಮ್ಮ ಕಡಿ ಮಧ್ಯಾಹ್ನ ನಳ ತಿರುವಿದ್ರ ಸೀದಾ ಚಾಪುಡಿ ಹಾಕೋದೇ."

2024ರ ಏಪ್ರಿಲ್‌ನಲ್ಲಿ ಮಾತ್ರ ನಾನೂ ಸ್ವಲ್ಪ ಎದೆ ಉಬ್ಬಿಸ್ಕೊಂಡು ಮಾತಾಡ್ದೆ. 28ನೇ ತಾರೀಕು ನಮ್ಮಲ್ಲೂ 38.5 ಡಿಗ್ರಿ! ಇಡೀ ತಿಂಗಳು ಲೆಕ್ಕಕ್ಕೆ ಸಿಗೋ ಒಂದು ಮಳೆ ಇಲ್ಲ, ಬೋರ್‌ವೆಲ್ ಬತ್ತಿ ಟ್ಯಾಂಕರ್‌ನವರನ್ನ ಮದುವೆ ಬೀಗರ ಥರ ಉಪಚಾರ ಮಾಡ್ತಿದ್ವಿ, ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5,000 ರೂಪಾಯಿ ದಂಡ ಬೇರೆ. ಅಂಥಾದ್ರಲ್ಲಿ ಅದೇ ತಿಂಗಳು 16ಕ್ಕೆ ದುಬೈಯಿಂದ ನಮ್ಮ ಉಡುಪಿ ಭಟ್ರು ವಿಡಿಯೋ ಹಾಕಿದ್ರು, ಪಾರ್ಕಿಂಗಲ್ಲಿ ಕಾರುಗಳೆಲ್ಲ ಎಮ್ಮೆ ಥರ ನೀರಲ್ಲಿ ಮಲಗಿವೆ. "ಎಂಥ ಮಳೆ ಮಾರಾಯ್ರೆ, ಊರಿನ ನೆನಪಾಯ್ತು." ನಾವಿಲ್ಲಿ ಕತ್ತೆಗೆ ಮದುವೆ ಮಾಡಿಸೋಣ್ವಾ ಅಂತಿದ್ರೆ ಮರುಭೂಮೀಲಿ ಪ್ರವಾಹ, ನ್ಯಾಯಾನಾ ಇದು?

ಆ ಸಿಟ್ಟಲ್ಲೇ ಟೆರೇಸಿನ ನೀರು ಸಂಪಿಗೆ ಬೀಳೋ ಹಾಗೆ ಪೈಪ್ ಹಾಕಿಸ್ದೆ. ಪ್ಲಂಬರ್ ಒಂದು ವಾಲ್ವ್ ಇಟ್ಟು, "ಸಾರ್, ಶುರುವಿನ ನೀರು ಹೊರಗೆ ಬಿಟ್ಬಿಡಿ, ಆಮೇಲೆ ಸಂಪಿಗೆ ತಿರುಗಿಸಿ, ಫಿಲ್ಟರ್ ಒಂದು ಮರೀಬೇಡಿ" ಅಂದ. ಟ್ಯಾಂಕರ್‌ಗೆ ದುಡ್ಡು ಸುರಿದವನು ಬಿಟ್ಟಿ ನೀರನ್ನ ಹೊರಗೆ ಬಿಡ್ತಾನಾ? ಫಿಲ್ಟರ್ ಮುಂದಿನ ತಿಂಗಳು ನೋಡೋಣ ಅಂದೆ.

ಜೂನ್ 2, ಭಾನುವಾರ. ನನ್ನಾಕೆ ನಾಮಕರಣಕ್ಕೆ ಹೋಗಿದ್ಲು. ಟೆರೇಸ್ ಮೇಲೆ ಅಕ್ಕಿ ಸಂಡಿಗೆ. "ರೋಹಿಣಿ ಮಳೆ ಶುರುವಾದ್ಮೇಲೆ ಯಾರಾದ್ರೂ ಸಂಡಿಗೆ ಇಡ್ತಾರೇನೇ" ಅಂತ ಅತ್ತೆ ಫೋನಲ್ಲಿ ಬೈದಿದ್ರು, ಇವಳು ಕೇಳಿರ್ಲಿಲ್ಲ. ಹೋಗೋವಾಗ ನನಗೆ ಒಂದೇ ಮಾತು: "ರೀ, ಮೋಡ ಕಂಡ ತಕ್ಷಣ ಎತ್ತಿಡಿ."

ಮೋಡ ಕಂಡೆ ನಿಜ. ಬದನೆಕಾಯಿ ಬಣ್ಣದ ಮೋಡ, ಇಷ್ಟು ದಿನ ಕಾದಿದ್ದಕ್ಕೆ ಕಣ್ತುಂಬಾ ನೋಡ್ದೆ, ನಾಲ್ಕು ಫೋಟೋ ತೆಗೆದು ಚೆನ್ನಾಗಿರೋದೊಂದನ್ನ ಗುಂಪಿಗೂ ಹಾಕಿ ಸ್ಟೇಟಸ್‌ಗೂ ಹಾಕಿ, ಕೆಳಗಿಳಿದು ಕಾಫಿ ಹಿಡ್ಕೊಂಡು ಯಾರ್ಯಾರು ಏನಂದ್ರು ಅಂತ ನೋಡ್ತಾ ಕೂತೆ. ಭಟ್ರು, "ಕಾರು ಎತ್ತರದಲ್ಲಿ ನಿಲ್ಸಿ ಮಾರಾಯ್ರೆ, ಅನುಭವದ ಮಾತು." ಆಗುಂಬೆ ಹತ್ರದ ಅಕ್ಕ, "ಇಷ್ಟಕ್ಕೆಲ್ಲ ನಮ್ಮಲ್ಲಿ ಕೊಡೆ ಬಿಡಿಸಲ್ಲ ಮಾರಾಯ." ನಾನು ಅದಕ್ಕೊಂದು ತಿರುಗೇಟು ಯೋಚಿಸಿ ಟೈಪ್ ಮಾಡ್ತಿದ್ದೆ, ಅಷ್ಟ್ರಲ್ಲಿ ಕಲಬುರಗಿ ಅಣ್ಣ: "ಸರ್, ಫೋಟೋದಾಗ ಎಡಗಡಿ ಮೂಲ್ಯಾಗ ಬೆಳ್ಳಗ ಅದೇನ್ರೀ? ಸಂಡಿಗಿ ಅದಾವೇನು?"

ಓಡಿದೆ. ಅಷ್ಟೊತ್ತಿಗೆ ಮಳೆ ಬಕೆಟ್ಟಲ್ಲಿ ಸುರಿದ ಹಾಗೆ. ಒರಳಲ್ಲಿ ಒತ್ತಿದ ಸಂಡಿಗೆ ಎಳೆ ಎಳೆಯಾಗಿ ಬಿಚ್ಕೊಂಡು, ಪ್ಲಾಸ್ಟಿಕ್ ಶೀಟ್ ತುಂಬಾ ತಿಳಿ ಗಂಜಿ, ಜೀರಿಗೆ ಕಾಳುಗಳು ಇರುವೆ ಸಾಲಿನ ಹಾಗೆ ಪೈಪಿನ ತೂತಿನ ಕಡೆ ಶಿಸ್ತಾಗಿ ಹೊರಟಿದ್ವು. ನಾಲ್ಕು ಮೂಲೆ ಹಿಡಿದು ಶೀಟ್ ಎತ್ತೋಕೆ ಹೋದೆ, ಎರಡು ಕೈಗೆ ನಾಲ್ಕು ಮೂಲೆ ಹೇಗೆ ಸಿಗುತ್ತೆ, ಒಂದು ಜಾರಿ ಉಳಿದಿದ್ದೆಲ್ಲ ನನ್ನ ಪಂಚೆ ಮೇಲೆ. ಜೇಬಲ್ಲಿ ಫೋನ್ ಟಿಂಗ್ ಅಂತು. ಸ್ಟೇಟಸ್ ನೋಡಿದ ನನ್ನಾಕೆ: "ಮೋಡ ಚೆನ್ನಾಗಿದೆ. ಸಂಡಿಗೆ ಎಲ್ಲಿ?"

ಮಾರನೇ ದಿನ ಪೇಪರಲ್ಲಿ ಬಂತು, ಒಂದೇ ದಿನ 111.1 ಮಿಲಿಮೀಟರ್, ಜೂನ್ ತಿಂಗಳಿಗೆ 133 ವರ್ಷದ ದಾಖಲೆ, 1891ರದ್ದನ್ನ ಮುರೀತಂತೆ. ನಾನು ಸಂಡಿಗೆ ದುಃಖ ಮರೆತು ಹೆಮ್ಮೆಯಿಂದ ಗುಂಪಿಗೆ ಹಾಕ್ದೆ. ಮಲೆನಾಡಲ್ಲಿ ಮಳೆ ಲೆಕ್ಕ ಇಂಚು, ಸೆಂಟಲ್ಲಿ, ಒಂದಿಂಚಿಗೆ ನೂರು ಸೆಂಟು. ಅಕ್ಕ ಲೆಕ್ಕ ಹಾಕಿ ಹೇಳಿದ್ರು, "ನಾಲ್ಕು ಇಂಚು ಮೂವತ್ತೇಳು ಸೆಂಟು. ಪಾಪ." ವರ್ಷಕ್ಕೆ 7,000 ಮಿಲಿಮೀಟರ್ ದಾಟೋ ಊರಿನವರ ಹತ್ರ ಇನ್ನೇನು ಹೇಳೋದು, ಆ "ಪಾಪ" ಇದೆಯಲ್ಲ, ಅದೇ ಜಾಸ್ತಿ ಚುಚ್ಚಿದ್ದು.

ಬೆಳಿಗ್ಗೆ ಸ್ನಾನಕ್ಕೆ ಒಂದು ಚೊಂಬು ಹುಯ್ಕೊಂಡೆ, ಘಮ್ ಅಂತು. ಇಂಗು. ಆಗ ನೆನಪಾಯ್ತು ವಾಲ್ವ್. ಇಡೀ ಸಂಪು ತಿಳಿಸಾರು! ಅದನ್ನ ಖಾಲಿ ಮಾಡಿಸಿ ತೊಳೆಸೋಕೆ ಮತ್ತೆ ಟ್ಯಾಂಕರ್‌ಗೇ ಫೋನ್ ಮಾಡ್ಬೇಕು. ಗುಂಪಲ್ಲಿ ಹೇಳ್ಕೊಂಡ್ರೆ ಅಕ್ಕ, "ಖಾಲಿ ಮಾಡೋ ಮುಂಚೆ ಕಾಟನ್ ಬಟ್ಟೆ ಇದ್ರೆ ಅದ್ದಿ ತೆಗಿ, ಒಳ್ಳೆ ಗಂಜಿ" ಅಂದ್ರು. ತಮಾಷೆಗೇ ಅಂದಿದ್ದು ಅನ್ಸುತ್ತೆ. ನನ್ನಾಕೆ ಮಾತ್ರ ಒಂದೂ ಮಾತಾಡದೆ ನನ್ನ ನಾಲ್ಕು ಆಫೀಸ್ ಶರ್ಟ್ ಅದ್ದಿ ಹಾಕಿದ್ಲು. ಗುರುವಾರ ಹಾಕ್ಕೊಂಡು ಹೋದೆ, ಕೂತ್ರೆ ಹಪ್ಪಳ ಮುರಿದ ಸದ್ದು.